ನಾನು ಬರೆದುಕೊಟ್ಟ ಎರಡು ಕಾಗದಗಳು

"ಬ್ರೇಕ್ ಪೆಡಲ್ ಕೆಳಗೆ ಹೋಗ್ತದೆ" ಎಂದು ಟೀಚರ್ ಮೊದಲ ಸಲ ಹೇಳಿದಾಗ ನಾನು ಬೇರೊಂದು ಕಾರಿನ ಕೆಳಗೆ ಮಲಗಿದ್ದೆ. ಸೀರೆಯ ಅಂಚು, ಚಪ್ಪಲಿ, ಛತ್ರಿಯ ತುದಿ ಇಷ್ಟೇ ಕಾಣುತ್ತಿತ್ತು. ಹೊರಗೆ ಬಂದು ಮುಖ ನೋಡಿ ಕೇಳಬೇಕಿತ್ತು. ಮಲಗಿದಲ್ಲಿಂದಲೇ "ಆಯಿಲ್ ಕಡಿಮೆ ಆಗಿರಬೇಕು ಟೀಚರ್, ನೋಡುವ" ಎಂದೆ.

ನನ್ನ ಗ್ಯಾರೇಜು ಇರುವುದು ಹೊಸಂಗಡಿಯಿಂದ ಮೀಂಜದ ಕಡೆ ಹೋಗುವ ರಸ್ತೆಯಲ್ಲಿ. ಟೀಚರ ಮನೆ ಮೀಂಜ. ಅವರು ಕಲಿಸುವ ಶಾಲೆ ಹೊಸಂಗಡಿಯ ರೈಲ್ವೆ ಗೇಟಿನ ಆಚೆ, ಕಡಲ ಬದಿಗೆ. ಹನ್ನೆರಡು ವರ್ಷ ಹಳೆಯ ಸಣ್ಣ ಕಾರನ್ನು ಅವರೇ ಓಡಿಸಿಕೊಂಡು ದಿನಾ ಎರಡು ಸಲ ಆ ಗೇಟು ದಾಟುತ್ತಿದ್ದರು. ಹತ್ತು ದಿನದ ಹಿಂದೆ ಆ ಕಾರಿನ ಬ್ರೇಕ್ ಕೆಲಸ ಮಾಡಿದವನು ನಾನೇ. ಹಿಂದಿನ ಎಡ ಚಕ್ರದಲ್ಲಿ ಆಯಿಲ್ ಸೋರುತ್ತಿತ್ತು. ಅಲ್ಲಿಯ ಸಿಲಿಂಡರ್ ಬದಲಾಯಿಸಿ, ಮುಂದಿನ ಎರಡು ಚಕ್ರಗಳಿಗೆ ಹೊಸ ಪ್ಯಾಡ್ ಹಾಕಿ, ಹೊಸ ಆಯಿಲ್ ತುಂಬಿಸಿ, ಪೈಪಿನೊಳಗಿನ ಏರ್ ತೆಗೆದು ಕೊಟ್ಟಿದ್ದೆ. ಒಳ್ಳೆಯ ಕೆಲಸ ಮಾಡಿದ್ದೇನೆಂದೇ ನಂಬಿದ್ದೆ.

ಕಾರಿನ ಕೆಳಗಿನಿಂದ ಎದ್ದು ಬಂದು ಬಾನೆಟ್ ತೆರೆದೆ. ಆಯಿಲ್ ಮೇಲಿನ ಗೆರೆಯವರೆಗೂ ಇತ್ತು. ನಾಲ್ಕು ಚಕ್ರಗಳ ಒಳಬದಿಗೆ ಬೆರಳಿಟ್ಟು ನೋಡಿದೆ, ಎಲ್ಲೂ ಪಸೆ ಇಲ್ಲ. ಸೀಟಿನಲ್ಲಿ ಕೂತು ಪೆಡಲನ್ನು ಬಲವಾಗಿ ಒತ್ತಿದೆ. ಕಲ್ಲಿನ ಹಾಗೆ ನಿಂತಿತು. ರಸ್ತೆಗೆ ತೆಗೆದುಕೊಂಡು ಹೋಗಿ ಇಳಿಜಾರಿನಲ್ಲಿ ಒಮ್ಮೆಲೇ ಬ್ರೇಕ್ ಹಾಕಿದೆ. ನಾಲ್ಕು ಚಕ್ರವೂ ಒಂದೇ ಸಲ ಹಿಡಿಯಿತು.

"ಎಂತದೂ ಇಲ್ಲ ಟೀಚರ್. ಹೊಸ ಪ್ಯಾಡ್ ಅಲ್ವಾ, ಕಾಲಿಗೆ ಬೇರೆ ಥರ ಕಾಣ್ತದೆ."

"ಗೇಟಿನಲ್ಲಿ ನಿಂತಾಗ ಮಾತ್ರ ಹೀಗಾಗುವುದು. ನೀವು ಬ್ರೇಕ್ ಕೆಲಸ ಮಾಡಿದ ಮೇಲೆ ಶುರುವಾದದ್ದು" ಎಂದರು ಅವರು. ದೂರುವ ಸ್ವರ ಅಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದ್ದು. ಆದರೆ 'ನೀವು ಕೆಲಸ ಮಾಡಿದ ಮೇಲೆ' ಎಂಬ ಮಾತು ನನಗೆ ಎಲ್ಲೋ ಚುಚ್ಚಿತು. ಇಪ್ಪತ್ತು ವರ್ಷದಿಂದ ಈ ಕೆಲಸದಲ್ಲಿ ಇದ್ದವನಿಗೆ ಶಾಲೆಯ ಟೀಚರ್ ಬಂದು ಹೇಳುವುದೇ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ನಾಲ್ಕು ದಿನ ಬಿಟ್ಟು ಅವರು ಮತ್ತೆ ಬಂದರು. ಆಗ ಪಕ್ಕದ ಪಂಚರ್ ಅಂಗಡಿಯವರೂ ಇಬ್ಬರು ರಿಕ್ಷಾದವರೂ ನನ್ನ ಗ್ಯಾರೇಜಿನ ಮಾಡಿನ ಕೆಳಗೆ ಚಹಾ ಕುಡಿಯುತ್ತಾ ಕೂತಿದ್ದರು. ಟೀಚರ್ ಕಾರಿನಿಂದ ಇಳಿದು, ಈ ಸಲ ಸರಿಯಾಗಿ ವಿವರಿಸಿದರು. ಗೇಟು ಹಾಕಿದಾಗ ಬ್ರೇಕಿನ ಮೇಲೆ ಕಾಲಿಟ್ಟು ನಿಲ್ಲುತ್ತಾರೆ. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಕಾಲಿನ ಕೆಳಗಿನಿಂದ ಪೆಡಲು ಮೆಲ್ಲ ಮೆಲ್ಲ ಇಳಿಯುತ್ತದೆ. ಕಾಲು ತೆಗೆದು ಪುನಃ ಒತ್ತಿದರೆ ಸರಿಯಾಗುತ್ತದೆ.

"ಅದಕ್ಕೇ ಈಗ ಗೇಟಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲುತ್ತೇನೆ."

ಇಷ್ಟು ಸ್ಪಷ್ಟವಾಗಿ ರೋಗದ ಲಕ್ಷಣ ಹೇಳುವ ಗಿರಾಕಿ ಸಿಗುವುದು ಅಪರೂಪ. ನಾನು ಅದನ್ನು ಕೇಳಿಸಿಕೊಳ್ಳಲಿಲ್ಲ. ಮತ್ತೆ ಕೂತು ಬಲವಾಗಿ ಒತ್ತಿದೆ, ನಿಂತಿತು. ಇಂಜಿನ್ ಸ್ಟಾರ್ಟ್ ಆಗುವಾಗ ಪೆಡಲು ಸ್ವಲ್ಪ ಇಳಿಯುವುದು ಎಲ್ಲ ಕಾರಿನಲ್ಲೂ ಉಂಟು, ಅದನ್ನೇ ನೀವು ನೋಡಿದ್ದು ಎಂದು ದೊಡ್ಡ ಪಾಠ ಮಾಡಿದೆ. ಆ ಮಾತು ಸುಳ್ಳಲ್ಲ. ಆದರೆ ಅವರು ಹೇಳಿದ್ದು ಅದನ್ನಲ್ಲ. ಮತ್ತೆ, ಕೂತವರೆಲ್ಲ ಕೇಳುವ ಹಾಗೆ, "ಟೀಚರೇ, ನೀವು ಕ್ಲಾಸಿನಲ್ಲಿ ಮಕ್ಕಳನ್ನು ನೋಡಿಕೊಳ್ಳಿ, ಬ್ರೇಕನ್ನು ನನಗೆ ಬಿಡಿ. ಹ್ಯಾಂಡ್‌ಬ್ರೇಕ್ ಎಲ್ಲ ಬೇಡ, ಸುಮ್ಮನೆ ಎಳೆದು ಎಳೆದು ಕೇಬಲ್ ಹಾಳು. ಕಾಲಿಟ್ಟರೆ ಸಾಕು" ಎಂದೆ.

ಮಾಡಿನ ಕೆಳಗೆ ಕೂತಿದ್ದವರು ನಕ್ಕರು. ಟೀಚರ್ ನಗಲಿಲ್ಲ. "ಆಯ್ತು" ಎಂದು ಕಾರು ಹತ್ತಿ ಹೋದರು. ಅದೇ ಸಂಜೆ ಅವರ ಗಂಡ ಹೊಸಂಗಡಿ ಪೇಟೆಯಲ್ಲಿ ಸಿಕ್ಕಿದಾಗ, "ಟೀಚರಿಗೆ ಹೆದರಿಕೆ ಅಣ್ಣ, ಬೇರೆ ಎಂತದೂ ಇಲ್ಲ" ಎಂದು ಅವರಿಗೂ ಹೇಳಿದೆ.

ಮರುವಾರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಪಂಚರ್ ಅಂಗಡಿಯವರ ಫೋನಿಗೆ ಸುದ್ದಿ ಬಂತು. ಗೇಟಿನ ಹತ್ತಿರ ಟೀಚರ ಕಾರು ಹಿಂದೆ ಜಾರಿ ಒಬ್ಬರಿಗೆ ಪೆಟ್ಟಾಗಿದೆ. ಅಲ್ಲಿ ಹಳಿಯ ಕಡೆಗೆ ರಸ್ತೆ ಏರಿ ಹೋಗುತ್ತದೆ. ರೈಲು ಬರುವವರೆಗೆ ಗಾಡಿಗಳು ಆ ಏರಿನಲ್ಲೇ ಸಾಲಾಗಿ ನಿಲ್ಲಬೇಕು. ಟೀಚರ ಹಿಂದೆ ಸ್ಕೂಟರಿನಲ್ಲಿ ನಿಂತಿದ್ದವರು ತೆಂಗಿನಕಾಯಿ ಕೀಳುವ ಕೆಲಸದವರು, ಐವತ್ತು ದಾಟಿದ ಮನುಷ್ಯ. ಒಂದು ಕಾಲು ನೆಲಕ್ಕೆ ಊರಿ ನಿಂತಿದ್ದರಂತೆ. ಕಾರು ಮೆಲ್ಲ ಹಿಂದೆ ಬಂದು ಸ್ಕೂಟರನ್ನು ದೂಡಿತು. ಸ್ಕೂಟರ್ ಮಗುಚಿ ಅವರ ಪಾದದ ಗಂಟಿನ ಮೇಲೆ ಬಿತ್ತು. ಟೀಚರ್ ಹ್ಯಾಂಡ್‌ಬ್ರೇಕ್ ಎಳೆದದ್ದರಿಂದ ಕಾರು ಅಲ್ಲಿಗೇ ನಿಂತಿತು. ಇಲ್ಲದಿದ್ದರೆ ಚಕ್ರವೇ ಹತ್ತುತ್ತಿತ್ತು.

ನಾನು ಹೋಗುವಷ್ಟರಲ್ಲಿ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಆಗಿತ್ತು. ಸೇರಿದ ಜನ ಟೀಚರ ಎದುರಿನಲ್ಲೇ ಮಾತಾಡುತ್ತಿದ್ದರು. "ಹಾಫ್ ಕ್ಲಚ್ ಗೊತ್ತಿಲ್ಲದವರು ಯಾಕೆ ಏರಿನಲ್ಲಿ ತರುವುದು?" ಟೀಚರ್ ನನ್ನನ್ನು ನೋಡಿ ಹತ್ತಿರ ಬಂದರು. "ಕಾಲು ಬ್ರೇಕಿನ ಮೇಲೆಯೇ ಇತ್ತು" ಎಂದರು. ನಾನು ತಲೆಯಾಡಿಸಿ, ಒಡೆದ ಹಿಂದಿನ ಲೈಟನ್ನು ನೋಡುವವನ ಹಾಗೆ ಬಗ್ಗಿದೆ.

ಮಾರನೆಯ ದಿನ ನನ್ನ ಗ್ಯಾರೇಜಿನಲ್ಲೇ ಮಾತುಕತೆ ನಡೆಯಿತು. ಪೆಟ್ಟಾದವರ ಭಾವ ಬಂದಿದ್ದರು. ಪಾದದ ಗಂಟಿನ ಎಲುಬು ಎರಡು ಕಡೆ ಮುರಿದಿದೆ, ಇನ್ನು ಮರ ಹತ್ತುವುದು ಯಾವಾಗಲೋ ಗೊತ್ತಿಲ್ಲ ಎಂದರು. "ಬ್ರೇಕ್ ಇಲ್ಲದ ಗಾಡಿಯನ್ನು ಹೇಗೆ ರೋಡಿಗೆ ಇಳಿಸಿದಿರಿ?" ಎಂದು ಟೀಚರ ಗಂಡನನ್ನು ಕೇಳಿದರು. ಗಂಡನಿಗೆ ಅದು ತಡೆಯಲಿಲ್ಲ. "ಗಾಡಿಯನ್ನು ಸರಿ ಇಟ್ಟುಕೊಂಡೇ ಇದ್ದೇವೆ. ಬೇಕಾದರೆ ಇವನನ್ನು ಕೇಳಿ" ಎಂದು ನನ್ನನ್ನು ತೋರಿಸಿದರು.

ಭಾವನೇ ಕಾರಿನಲ್ಲಿ ಕೂತು ಪೆಡಲನ್ನು ತುಳಿದು ನೋಡಿದರು. ನಿಂತಿತು. ಗಂಡ ತುಳಿದರು, ಪಂಚರ್ ಅಂಗಡಿಯವರು ತುಳಿದರು, ಕೊನೆಗೆ ನಾನು. ನಾಲ್ಕು ಗಂಡಸರು ಶಕ್ತಿ ಹಾಕಿ ತುಳಿದು, ಬ್ರೇಕ್ ಸರಿ ಉಂಟು ಎಂದು ತೀರ್ಮಾನ ಮಾಡಿದೆವು. ಟೀಚರ್ ಅಲ್ಲೇ ಕಂಬದ ಹತ್ತಿರ ನಿಂತಿದ್ದರು. ನೀವು ಹೇಗೆ ಒತ್ತುತ್ತೀರಿ, ತೋರಿಸಿ ಎಂದು ಅವರನ್ನು ಒಬ್ಬನೂ ಕೇಳಲಿಲ್ಲ.

ಕೇಸು ಬೇಡ, ಮಾತಿನಲ್ಲೇ ಮುಗಿಸುವ ಎಂದು ಎರಡೂ ಕಡೆಯವರು ಒಪ್ಪಿದರು. ಆದರೆ ಬ್ರೇಕ್ ನೋಡಿದ್ದಕ್ಕೆ ಭಾವನಿಗೆ ಒಂದು ಕಾಗದ ಬೇಕಿತ್ತು. ಗ್ಯಾರೇಜಿನ ಹೆಸರಿದ್ದ ಹಾಳೆಯಲ್ಲಿ ನಾನು ಬರೆದುಕೊಟ್ಟೆ: 'ಈ ಕಾರಿನ ಬ್ರೇಕನ್ನು ಪರೀಕ್ಷಿಸಿದ್ದೇನೆ. ಯಾವ ದೋಷವೂ ಇಲ್ಲ. ಕಾರು ಜಾರಿದ್ದು ಓಡಿಸಿದವರ ತಪ್ಪಿನಿಂದ.' ಕೊನೆಯ ವಾಕ್ಯ ಬರೆಯಬೇಕೆಂದು ಯಾರೂ ಹೇಳಿರಲಿಲ್ಲ. ಅದು ನಾನೇ ಸೇರಿಸಿದ್ದು.

ಗಂಡ ಅದನ್ನು ಗಟ್ಟಿಯಾಗಿ ಓದಿದರು. ಟೀಚರ್ ಕೇಳಿ, "ಹಾಗಾದರೆ ನನ್ನ ಕಾಲು ಯಾವಾಗ ಜಾರಿತು ಅಂತ ನನಗೇ ಗೊತ್ತಾಗಲಿಲ್ಲ" ಎಂದರು. ಯಾರಿಗೂ ಹೇಳಿದ್ದಲ್ಲ, ತಮಗೇ ಹೇಳಿಕೊಂಡದ್ದು.

ಕಾರು ನನ್ನಲ್ಲೇ ಉಳಿಯಿತು. ಹಿಂದಿನ ಬಂಪರ್ ಒಳಗೆ ಹೋಗಿತ್ತು, ಬಲಬದಿಯ ಲೈಟು ಪುಡಿಯಾಗಿತ್ತು. ಮೂರನೆಯ ದಿನ ಮಧ್ಯಾಹ್ನ ಹೊಸ ಲೈಟು ಕೂರಿಸಿದೆ. ಬ್ರೇಕ್ ಒತ್ತಿದಾಗ ಅದು ಉರಿಯುತ್ತದೋ ನೋಡಬೇಕು. ಪಂಚರ್ ಅಂಗಡಿಯವರು ಊಟಕ್ಕೆ ಹೋಗಿದ್ದರು. ಕಾರಿನ ಹಿಂಭಾಗವನ್ನು ಗೋಡೆಯ ಹತ್ತಿರಕ್ಕೆ ದೂಡಿ, ನಾನೇ ಒಳಗೆ ಕೂತು, ಇಂಜಿನ್ ಸ್ಟಾರ್ಟ್ ಮಾಡಿ, ಪೆಡಲಿನ ಮೇಲೆ ಕಾಲಿಟ್ಟೆ. ಲೈಟು ಹತ್ತುವುದಕ್ಕೆ ಬೇಕಾದಷ್ಟೇ ಭಾರ. ಕನ್ನಡಿಯಲ್ಲಿ ನೋಡಿದೆ. ಸುಣ್ಣದ ಗೋಡೆಯ ಮೇಲೆ ಎರಡು ಕೆಂಪು ಗುರುತು. ಒಂದು ಸ್ವಲ್ಪ ಮಂಕಾಗಿ ಕಂಡಿತು. ಬಲ್ಬೋ ವಯರೋ ಎಂದು ಯೋಚಿಸುತ್ತಾ ಕಾಲನ್ನು ಹಾಗೆಯೇ ಇಟ್ಟುಕೊಂಡಿದ್ದೆ.

ಆಗ ಪೆಡಲು ಇಳಿಯಿತು.

ಮೊದಲು ನಾನೇ ಹೆಚ್ಚು ಒತ್ತಿದೆನೋ ಎಂದುಕೊಂಡೆ. ಕಾಲು ತೆಗೆದು ಮತ್ತೆ ಅಷ್ಟೇ ಮೆಲ್ಲಗೆ ಇಟ್ಟೆ. ಒಂದು ನಿಮಿಷ ನಿಂತಿತು. ಆಮೇಲೆ ಪುನಃ, ಒಳಗೆ ಯಾರೋ ಎಳೆದುಕೊಂಡ ಹಾಗೆ, ನೆಲಹಾಸಿನ ಹತ್ತಿರದವರೆಗೂ ಹೋಯಿತು. ಬಲವಾಗಿ ತುಳಿದೆ, ಕಲ್ಲಿನ ಹಾಗೆ ನಿಂತಿತು. ಮೆಲ್ಲಗೆ ಒತ್ತಿದೆ, ಇಳಿಯಿತು. ಆರೋ ಏಳೋ ಸಲ ಮಾಡಿ ನೋಡಿದೆ. ಟೀಚರ್ ಹೇಳಿದ ಒಂದೊಂದು ಮಾತೂ ಕಾಲಿನ ಕೆಳಗೆ ಹಾಗೆಯೇ ನಡೆಯುತ್ತಿತ್ತು.

ಹೊರಗೆ ಎಲ್ಲೂ ಸೋರುತ್ತಿಲ್ಲ, ಆಯಿಲ್ ಕಡಿಮೆಯಾಗುತ್ತಿಲ್ಲ ಅಂದರೆ ತೊಂದರೆ ಇರುವುದು ಮಾಸ್ಟರ್ ಸಿಲಿಂಡರಿನ ಒಳಗೆ. ಪೆಡಲು ಒತ್ತಿದಾಗ ಆಯಿಲನ್ನು ಚಕ್ರಗಳಿಗೆ ದೂಡುವ ಕೊಳವೆ ಅದು. ಬಿಚ್ಚಿ ಮೇಜಿನ ಮೇಲಿಟ್ಟು ಒಳಗಿನ ದಂಡನ್ನು, ಅಂದರೆ ಪಿಸ್ಟನನ್ನು, ಹೊರಗೆ ತೆಗೆದೆ. ದಂಡಿಗೆ ಬಟ್ಟಲಿನ ಆಕಾರದ ರಬ್ಬರ್ ವಾಷರುಗಳಿರುತ್ತವೆ. ಒಂದರ ಅಂಚು ಉಗುರಿನಷ್ಟು ಹರಿದಿತ್ತು, ಇನ್ನೊಂದರಲ್ಲಿ ಉದ್ದಕ್ಕೆ ಗೀರು. ಬಲವಾಗಿ ಒತ್ತಿದರೆ ಆ ಅಂಚು ಅಗಲವಾಗಿ ಕೊಳವೆಯ ಗೋಡೆಗೆ ಅಂಟಿಕೊಳ್ಳುತ್ತದೆ, ಬ್ರೇಕ್ ನಿಲ್ಲುತ್ತದೆ. ಮೆಲ್ಲಗೆ ಒತ್ತಿದರೆ ಹರಿದ ಸಂದಿಯಿಂದ ಆಯಿಲ್ ಹಿಂದಕ್ಕೆ ನುಸುಳುತ್ತದೆ.

ಹರಿದದ್ದು ಹೇಗೆ ಎಂಬುದೂ ಅಲ್ಲೇ ಗೊತ್ತಾಯಿತು. ಕೊಳವೆಯ ಒಳಗೆ ಬೆಳಕು ಹಾಕಿ ನೋಡಿದರೆ ಕೊನೆಯ ಭಾಗದಲ್ಲಿ ತುಕ್ಕಿನ ಒರಟು. ದಿನಾ ಓಡಿಸುವಾಗ ಪೆಡಲು ಅಷ್ಟು ಕೆಳಗೆ ಹೋಗುವುದಿಲ್ಲ, ವಾಷರು ಆ ಜಾಗವನ್ನು ಮುಟ್ಟುವುದಿಲ್ಲ. ಏರ್ ತೆಗೆಯುವಾಗ ಪೆಡಲನ್ನು ಪೂರ್ತಿ ತುಳಿದರೆ ಮಾತ್ರ ಅಲ್ಲಿಗೆ ಹೋಗಿ ಉಜ್ಜಿಕೊಳ್ಳುತ್ತದೆ. ಹಳೆಯ ಗಾಡಿಯಾದರೆ ಪೆಡಲಿನ ಕೆಳಗೆ ಒಂದು ಮರದ ತುಂಡು ಇಟ್ಟೇ ತುಳಿಯಬೇಕು ಎಂದು ನನಗೆ ಕೆಲಸ ಕಲಿಸಿದವರು ಮಂಗಳೂರಿನಲ್ಲಿ ಬೈದು ಬೈದು ಹೇಳಿಕೊಟ್ಟಿದ್ದರು. ಅವತ್ತು ಪಂಚರ್ ಅಂಗಡಿಯವರು ಕೆಳಗೆ ಚಕ್ರದ ಹತ್ತಿರ ಏರ್ ಹೋಗುವ ನಿಪ್ಪಲನ್ನು ಸಡಿಲಿಸುತ್ತಿದ್ದರು, ನಾನು ಮೇಲೆ ಕೂತು ತುಳಿಯುತ್ತಿದ್ದೆ. ಇನ್ನೊಂದು ಗಾಡಿ ಕಾಯುತ್ತಿತ್ತು. ಮರದ ತುಂಡನ್ನು ಹುಡುಕುವುದು ಯಾಕೆ ಎಂದು ನೆಲದವರೆಗೂ ತುಳಿದಿದ್ದೆ.

ಬ್ರೇಕನ್ನು ಕೆಡಿಸಿದವನು ನಾನು. ಕೆಟ್ಟಿದೆ ಎಂದವರನ್ನು ನಗೆಪಾಟಲು ಮಾಡಿದವನು ನಾನು. ಅವರು ತಾವಾಗಿಯೇ ಕಂಡುಕೊಂಡ ಹ್ಯಾಂಡ್‌ಬ್ರೇಕಿನ ಉಪಾಯವನ್ನೂ ಬೇಡ ಎಂದವನು ನಾನು. ತಪ್ಪು ಅವರದ್ದೆಂದು ಬರೆದುಕೊಟ್ಟವನೂ ನಾನೇ.

ಆವಾಗಲೇ ಶಟರ್ ಎಳೆದು ಟೀಚರ ಮನೆಗೆ ಹೋದೆ ಎಂದು ಬರೆಯುವ ಆಸೆ ನನಗೆ ಉಂಟು. ಹೋಗಲಿಲ್ಲ. ಬಂದ್ಯೋಡಿನ ಅಂಗಡಿಯಿಂದ ಹೊಸ ಮಾಸ್ಟರ್ ಸಿಲಿಂಡರ್ ತಂದು, ಈ ಸಲ ಮರದ ತುಂಡನ್ನು ಇಟ್ಟು, ಏರ್ ತೆಗೆದು ಕೂರಿಸಿದೆ. ಹಳೆಯದನ್ನು ಪೇಪರಿನಲ್ಲಿ ಸುತ್ತಿ ಮೇಜಿನ ಅಡಿಗೆ ದೂಡಿದೆ. ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಸಂಜೆ ಗಂಡ ಬಂದು ಕಾರು ತೆಗೆದುಕೊಂಡು ಹೋಗುವಾಗ ಹೇಳಿದರು, "ನೀನು ಅವತ್ತೇ ಹೇಳಿದ್ದಿ ಮಾರಾಯ, ಅವಳಿಗೆ ಹೆದರಿಕೆ ಅಂತ. ನಾನು ಕೇಳಬೇಕಿತ್ತು. ಇನ್ನು ಅವಳು ಓಡಿಸುವುದು ಬೇಡ. ಗಿರಾಕಿ ಇದ್ದರೆ ಹೇಳು, ಕೊಟ್ಟುಬಿಡುವ." ನಾನು "ನೋಡುವ ಅಣ್ಣ" ಎಂದೆ.

ಆಮೇಲೆ ದಿನಾ ಬೆಳಿಗ್ಗೆ ಟೀಚರ್ ಬಸ್ಸಿನಲ್ಲಿ ಹೋಗುವುದು ಕಾಣುತ್ತಿತ್ತು. ಬಸ್ಸು ನನ್ನ ಗ್ಯಾರೇಜಿನ ಎದುರೇ ತಿರುಗುವುದು. ಆ ಹೊತ್ತಿಗೆ ನಾನು ಯಾವುದಾದರೂ ಬಾನೆಟ್ಟಿನೊಳಗೆ ತಲೆ ಹಾಕುತ್ತಿದ್ದೆ. ರಿಪೇರಿಗೆ ಬಂದವರು ಏನಾದರೂ ಹೇಳಿದರೆ ಎರಡೆರಡು ಸಲ ಕೇಳುತ್ತಿದ್ದೆ. ಅಷ್ಟು ಒಳ್ಳೆಯವನಾದದ್ದಕ್ಕೆ ನನ್ನ ಮೇಲೆಯೇ ಸಿಟ್ಟು ಬರುತ್ತಿತ್ತು.

ಸಿಲಿಂಡರ್ ಬಿಚ್ಚಿದ ಒಂಬತ್ತನೆಯ ದಿನ ನನ್ನ ಹೆಂಡತಿ ಪೇಟೆಯಿಂದ ಬಂದು ಚೀಲ ಇಳಿಸುತ್ತಾ ಹೇಳಿದಳು. ಬಸ್ಸಿನಲ್ಲಿ ಟೀಚರ್ ಪಕ್ಕದಲ್ಲೇ ಕೂತಿದ್ದರಂತೆ.

"ಮಂಗಳೂರಿಗೆ ಡಾಕ್ಟರ ಹತ್ತಿರ ಹೋಗಿದ್ದರಂತೆ. ಕಾಲಿನ ನರದ್ದು ಎಂತದೋ ಪರೀಕ್ಷೆ. ಬ್ರೇಕ್ ಬಿಟ್ಟದ್ದೇ ಗೊತ್ತಾಗಲಿಲ್ಲ ಅಂದರೆ ಕಾಲಿಗೆ ಸ್ಪರ್ಶವೇ ಹೋಗಿದೆಯೋ ಅಂತ ಅವರಿಗೆ ಸಂಶಯ. ಪಾಪ, ಶಾಲೆಯಲ್ಲಿ ಮೆಟ್ಟಿಲು ಇಳಿಯುವಾಗಲೂ ಗೋಡೆ ಹಿಡಿದುಕೊಳ್ತಾರಂತೆ ಈಗ."

ನಾನು ಊಟಕ್ಕೆ ಕೂತವನು ಎದ್ದೆ. ಅವಳಿಗೆ ಎಲ್ಲವನ್ನೂ ಹೇಳಿದೆ. ಮುಗಿದ ಮೇಲೆ, "ನನಗೆ ಹೇಳಿ ಎಂತ ಪ್ರಯೋಜನ?" ಎಂದಳು.

ಮರುದಿನ ಭಾನುವಾರ. ಹಳೆಯ ಸಿಲಿಂಡರನ್ನು ತೆಗೆದುಕೊಂಡು ಮೀಂಜಕ್ಕೆ ಹೋದೆ. ಗಂಡ ಅಂಗಳದಲ್ಲೇ ಇದ್ದರು. "ಗಿರಾಕಿ ಸಿಕ್ಕಿದನಾ?" ಎಂದು ಕೇಳಿದರು. ಟೀಚರನ್ನೂ ಕರೆಯಿರಿ ಎಂದೆ. ಜಗಲಿಯ ಮೇಲೆ ಪೇಪರ್ ಬಿಡಿಸಿ, ದಂಡನ್ನು ಹೊರಗೆ ತೆಗೆದು, ಹರಿದ ಅಂಚನ್ನು ತೋರಿಸಿದೆ. ಮೆಲ್ಲಗೆ ಒತ್ತಿದರೆ ಏನಾಗುತ್ತದೆ, ಬಲವಾಗಿ ಒತ್ತಿದರೆ ಏನಾಗುತ್ತದೆ, ಹರಿದದ್ದು ಯಾರ ಕೈಯಿಂದ, ಎಲ್ಲ ಹೇಳಿದೆ. ಮಾತು ಸರಾಗವಾಗಿ ಬರಲಿಲ್ಲ.

ಟೀಚರ್ ಆ ರಬ್ಬರನ್ನು ಎತ್ತಿಕೊಂಡು ಹರಿದಲ್ಲಿ ಬೆರಳಾಡಿಸಿದರು.

"ನಿಮಗೆ ಇದು ಗೊತ್ತಾದದ್ದು ಯಾವತ್ತು?"

ಅವರು ಇದನ್ನೇ ಕೇಳುತ್ತಾರೆಂದು ದಾರಿಯುದ್ದಕ್ಕೂ ಹೆದರಿದ್ದೆ. "ಹತ್ತು ದಿನ ಆಯ್ತು ಟೀಚರ್."

"ಮೊನ್ನೆ ಗುರುವಾರ ನನ್ನ ಕಾಲಿಗೆ ಸೂಜಿ ಚುಚ್ಚಿ ಚುಚ್ಚಿ ನೋಡಿದರು" ಎಂದರು ಅವರು. "ನೋವಾಗ್ತದಾ ಅಂತ ಕೇಳುತ್ತಿದ್ದರು. ನೋವಾಗ್ತಿತ್ತು. ನೋವಾದರೆ ಕಾಲು ಸರಿ ಉಂಟು, ಹಾಗಾದರೆ ತಲೆಯೇ ಸರಿ ಇಲ್ಲವೋ ಅಂತ ಯೋಚನೆ ಮಾಡಿಕೊಂಡು ಬಂದೆ."

ಗಂಡ ನನ್ನನ್ನು ಬೈಯಲಿಕ್ಕೆ ಶುರು ಮಾಡಿದರು. ಟೀಚರ್ ಅವರನ್ನು ನೋಡಿ, "ನೀವು ಸುಮ್ಮನಿರಿ, ನೀವೂ ತುಳಿದು ನೋಡಿದವರೇ ಅಲ್ವಾ?" ಎಂದರು. ಗಂಡ ಅಲ್ಲಿಗೇ ನಿಲ್ಲಿಸಿ ಒಳಗೆ ಹೋದರು.

ನಾನು ಕೈ ಮುಗಿದು ತಪ್ಪಾಯಿತು ಎಂದೆ. ಟೀಚರ್ ಒಳಗಿನಿಂದ ಒಂದು ಬಿಳಿ ಹಾಳೆ, ಪೆನ್ನು ತಂದು ನನ್ನ ಮುಂದೆ ಇಟ್ಟರು. "ಅವತ್ತು ಒಂದು ಬರೆದುಕೊಟ್ಟಿದ್ದೀರಲ್ಲ, ಅದೇ ಥರ ಇದನ್ನೂ ಬರೆದುಕೊಡಿ."

ಬರೆದೆ. 'ಬ್ರೇಕಿನ ಮಾಸ್ಟರ್ ಸಿಲಿಂಡರಿನಲ್ಲಿ ದೋಷವಿತ್ತು. ಕಾರು ಜಾರಿದ್ದು ಅದರಿಂದ. ಹಿಂದೆ ನಾನು ಕೊಟ್ಟ ಕಾಗದ ತಪ್ಪು.' ಸಹಿ ಹಾಕಿ ಕೊಟ್ಟೆ. ಅವರು ಓದಿ, ಮಕ್ಕಳ ನೋಟುಪುಸ್ತಕದಲ್ಲಿ ಮಾಡುವ ಹಾಗೆ ಪೆನ್ನಿನ ತುದಿಯಿಂದ ಒಂದು ಜಾಗ ತೋರಿಸಿದರು.

"ದೋಷ ಇತ್ತು ಅಂತ ಬರೆದಿದ್ದೀರಿ. ದೋಷ ಹೇಗೆ ಬಂತು?"

'ನಾನು ಮಾಡಿದ ಕೆಲಸದಿಂದ' ಎಂದು ಸೇರಿಸಿದೆ.

"ಇನ್ನೊಂದು ವಾಕ್ಯ ಬೇಕು. ಟೀಚರ್ ಎರಡು ಸಲ ಬಂದು ಹೇಳಿದ್ದರು, ನಾನು ಕೇಳಲಿಲ್ಲ ಅಂತ."

ಅವರು ಹೇಳಿದ ಹಾಗೆಯೇ ಬರೆದೆ. ಕೆಲಸದಲ್ಲಿ ತಪ್ಪು ಯಾರಿಗೂ ಆಗುತ್ತದೆ ಎಂದು ಎಲ್ಲೋ ಒಳಗೆ ಸಮಾಧಾನ ಮಾಡಿಕೊಂಡಿದ್ದೆ. ಈ ವಾಕ್ಯಕ್ಕೆ ಆ ಸಮಾಧಾನ ಇರಲಿಲ್ಲ.

ಕಾಗದವನ್ನು ಮಡಚಿಕೊಂಡು ಟೀಚರ್ ಗಂಡನಿಂದ ಕೀ ಕೇಳಿ ಪಡೆದರು. "ಪೆಟ್ಟಾದವರ ಮನೆಗೆ ಹೋಗಿ ಹೇಳಬೇಕು. ಹತ್ತಿ" ಎಂದರು. ಅವರೇ ಓಡಿಸಿದರು. ನಾನು ಪಕ್ಕದಲ್ಲಿ ಕೂತೆ. ಮೊದಲ ತಿರುವಿನವರೆಗೂ ಅವರು ಎರಡೂ ಕೈಯಲ್ಲಿ ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದಿದ್ದರು. ನಾನು ದಾರಿಯುದ್ದಕ್ಕೂ ಕಿಟಕಿಯಿಂದ ಹೊರಗೇ ನೋಡಿದೆ.

ತೆಂಗಿನಕಾಯಿ ಕೀಳುವವರು ಮನೆಯ ಮುಂದೆ ಕುರ್ಚಿಯಲ್ಲಿ ಕೂತು ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲೆ ಇಟ್ಟಿದ್ದರು. ಟೀಚರ್ ಆ ಮನೆಗೆ ಮೊದಲೇ ಮೂರು ಸಲ ಬಂದು ಕ್ಷಮೆ ಕೇಳಿ ಹೋಗಿದ್ದರೆಂದು ಆಗ ತಿಳಿಯಿತು. ನಾನು ನಿಂತುಕೊಂಡೇ ಕಾಗದ ಓದಿದೆ. ಓದಿದ್ದು ತಿಳಿಯಲಿಲ್ಲವೇನೋ ಎಂದು ತುಳುವಿನಲ್ಲಿ ಮತ್ತೊಮ್ಮೆ ಹೇಳಿದೆ.

"ಬ್ರೇಕಿನ ತಪ್ಪಾದರೂ ಟೀಚರ ತಪ್ಪಾದರೂ ನನ್ನ ಕಾಲಿಗೆ ಎಂತ ವ್ಯತ್ಯಾಸ?" ಎಂದರು ಅವರು. ಆಮೇಲೆ ಟೀಚರ ಕಡೆ ತಿರುಗಿ, ಸ್ವರ ತಗ್ಗಿಸಿ, "ಮೊದಲ ಸಲ ನೀವು ಬಂದಾಗ ನಾನು ಜೋರಾಗಿ ಮಾತಾಡಿದೆ ಟೀಚರೇ. ಕೂತುಕೊಳ್ಳಿ ಅಂತಲೂ ಹೇಳಲಿಲ್ಲ" ಎಂದರು. ಹೆಂಡತಿಯನ್ನು ಕರೆದು ಒಂದು ಕುರ್ಚಿ ತರಿಸಿದರು. ಟೀಚರ್ ಕೂತರು. ನಾನು ನಿಂತೇ ಇದ್ದೆ.

ತೆಂಗಿನಕಾಯಿ ಕೀಳುವವರು ಕೆಲಸಕ್ಕೆ ಹೋಗಲಾಗದ ತಿಂಗಳುಗಳ ಖರ್ಚನ್ನು ನಾನು ನೋಡಿಕೊಂಡೆ. ಅದನ್ನು ಇಲ್ಲಿ ಹೆಚ್ಚು ಹೇಳಲಾರೆ, ಹೇಳಿದರೆ ಏನೋ ಕೊಟ್ಟ ಹಾಗೆ ಕೇಳುತ್ತದೆ. ಅವರು ಈಗ ನಡೆಯುತ್ತಾರೆ, ಸಣ್ಣ ಮರಗಳನ್ನು ಹತ್ತುತ್ತಾರೆ. ಎತ್ತರದ ಮರಗಳಿಗೆ ಬೇರೆಯವರನ್ನು ಕರೆಯುತ್ತಾರೆ. ಟೀಚರನ್ನು ನೋಡಿ ನಕ್ಕ ಪಂಚರ್ ಅಂಗಡಿಯವರಿಗೂ ರಿಕ್ಷಾದವರಿಗೂ ಅದೇ ಮಾಡಿನ ಕೆಳಗೆ ನಡೆದದ್ದನ್ನು ಹೇಳಿದೆ. ಒಬ್ಬರು "ಬಿಡು ಮಾರಾಯ, ಆಗಿ ಹೋಯ್ತು" ಎಂದರು.

ಈಗ ಯಾರು ಬ್ರೇಕಿನ ದೂರು ತಂದರೂ ಅವರನ್ನೇ ಸೀಟಿನಲ್ಲಿ ಕೂರಿಸಿ, ನಿಮ್ಮ ಕಾಲಿನ ಹಾಗೆಯೇ ಒತ್ತಿ ಎನ್ನುತ್ತೇನೆ. ನಾನು ಪಕ್ಕದ ಸೀಟಿನಲ್ಲಿ ಕೂತು ಬಗ್ಗಿ ನೋಡುತ್ತೇನೆ.

ಟೀಚರ್ ಕಾರನ್ನು ಮಾರಲಿಲ್ಲ. ಬೆಳಿಗ್ಗೆ ಎಂಟೂ ಮುಕ್ಕಾಲಿಗೆ ನನ್ನ ಗ್ಯಾರೇಜಿನ ಎದುರಿನಿಂದ ಅವರೇ ಓಡಿಸಿಕೊಂಡು ಹೋಗುತ್ತಾರೆ, ಸಂಜೆ ವಾಪಸು ಬರುತ್ತಾರೆ. ಅದರ ಸರ್ವಿಸು ಈಗ ಎಲ್ಲಿ ಮಾಡಿಸುತ್ತಾರೆಂದು ನನಗೆ ಗೊತ್ತಿಲ್ಲ. ನನ್ನಲ್ಲಿ ನಿಲ್ಲಿಸುವುದಿಲ್ಲ.